ಯಮುನಕ್ಕ ಇಟಲಿಗೆ ಹೋಗಿ ಬರಬೇಕಾಯಿತು

ನಿನ್ನೆ ಸಂಜೆ ‘ಘಟಶ್ರಾದ್ಧ’ ಚಿತ್ರ ನೋಡಿ ಬಂದೆ, ಯಮುನಕ್ಕ ಎಂಬ ಎಳೆಯ ವಿಧವೆಯ, ಅವಳನ್ನು ಹಚ್ಚಿಕೊಂಡ ಪುಟ್ಟ ಹುಡುಗ ನಾಣಿಯ ಕಥೆ. ದೊಡ್ಡ ಪರದೆಯಲ್ಲಿ, ಹೊಸದಾಗಿ ದುರಸ್ತಿಯಾದ 4ಕೆ ಪ್ರತಿಯಲ್ಲಿ. ಮನೆ ಸೇರುವವರೆಗೂ ಖುಷಿಯೇ ಇತ್ತು. ಊಟಕ್ಕೆ ಕೂತಾಗ ಅದು ಸಿಟ್ಟಾಯಿತು. ಆ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ.

ಇದನ್ನು ಉಳಿಸಿದವರು ಯಾರು ನೋಡಿ. ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಹಳೆಯ ಚಿತ್ರಗಳನ್ನು ಉಳಿಸಲೆಂದು ಕಟ್ಟಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್, ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್, ಇಟಲಿಯ ಬೊಲೊನ್ಯಾದ ಒಂದು ಪ್ರಯೋಗಾಲಯ. ಹಣ ಅಮೆರಿಕದ ಹಾಬ್ಸನ್-ಲ್ಯೂಕಾಸ್ ಕುಟುಂಬದ ಪ್ರತಿಷ್ಠಾನದ್ದು. ನೆಗೆಟಿವ್ ಕಾಪಾಡಿಕೊಂಡು ಬಂದದ್ದು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ. ಕಥೆ ಅನಂತಮೂರ್ತಿಯವರದು, ನಿರ್ದೇಶನ ಗಿರೀಶ ಕಾಸರವಳ್ಳಿಯವರದು, ಸಂಗೀತ ಬಿ.ವಿ. ಕಾರಂತರದು, 1977ರ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರೀಯ ಪ್ರಶಸ್ತಿ ಸ್ವರ್ಣಕಮಲ ತಂದ ಚಿತ್ರ. ಅದರ ಗೀರು ಒರೆಸಲು ನಮ್ಮ ಕನ್ನಡದವರಲ್ಲಿ ಯಾರಿಗೂ ಪುರುಸೊತ್ತಾಗಲಿಲ್ಲ. ಪಾಪ, ಪ್ರಶಸ್ತಿ ಸಮಾರಂಭದ ಶಾಮಿಯಾನ ಹಾಕಿಸುವುದರಲ್ಲೇ ದಿನ ಮುಗಿಯುತ್ತದೆ.

ನನ್ನ ಪಾಲಿಗೆ ಈ ಚಿತ್ರ ಎಂದರೆ ದೂರದರ್ಶನದ ಭಾನುವಾರ ಮಧ್ಯಾಹ್ನ. ಆಮೇಲೆ ಮೊಬೈಲಿನಲ್ಲಿ ಸಿಕ್ಕ ಒಂದು ಮಸುಕು ಪ್ರತಿ. ಅದರಲ್ಲಿ ರಾತ್ರಿಯ ದೃಶ್ಯಗಳೆಂದರೆ ಬರೀ ಕಪ್ಪು. ಯಾರು ಮಾತನಾಡುತ್ತಿದ್ದಾರೆ ಎಂಬುದನ್ನು ದನಿಯಿಂದಲೇ ಊಹಿಸಿಕೊಳ್ಳಬೇಕಿತ್ತು. ನಿನ್ನೆ ಆ ಕಪ್ಪಿನೊಳಗೆ ಮರಗಳಿದ್ದವು, ನಾಣಿಯ ಹೆದರಿದ ಕಣ್ಣುಗಳಿದ್ದವು. ಛಾಯಾಗ್ರಾಹಕ ಎಸ್. ರಾಮಚಂದ್ರ ಎಷ್ಟು ಕಡಿಮೆ ಬೆಳಕಿನಲ್ಲಿ ಎಷ್ಟೊಂದು ತೋರಿಸಿದ್ದರು ಎಂಬುದು ಇಷ್ಟು ವರ್ಷ ಕೊಳೆಯ ಕೆಳಗೆ ಹೂತುಹೋಗಿತ್ತು.

ಕೊನೆಯಲ್ಲಿ ಯಮುನಕ್ಕ ಮರದ ಕೆಳಗೆ ಕೂತಿರುತ್ತಾಳಲ್ಲ, ತಲೆ ಬೋಳಿಸಿಕೊಂಡು. ಹಳೆಯ ಪ್ರತಿಯಲ್ಲಿ ಅವಳ ತಲೆ ಒಂದು ಬಿಳಿ ಮಚ್ಚೆಯಷ್ಟೇ. ನಿನ್ನೆ ಅದು ಆಗತಾನೆ ಕತ್ತಿ ಆಡಿಸಿದ ಚರ್ಮವಾಗಿ ಕಂಡಿತು. ನಮ್ಮ ಅಜ್ಜಿಯ ಅಕ್ಕ ಮಡಿ ಹೆಂಗಸು. ತಿಂಗಳಿಗೊಮ್ಮೆ ಹಿತ್ತಲಿಗೆ ಕ್ಷೌರಿಕ ಬರುತ್ತಿದ್ದ, ಮಕ್ಕಳನ್ನು ಜಗಲಿಗೆ ಅಟ್ಟುತ್ತಿದ್ದರು. ಕೆಂಪು ಸೀರೆಯ ಸೆರಗು ಜಾರಿದಾಗ ಒಮ್ಮೆ ಕಂಡಿದ್ದ ತಲೆ ಅದು. ಈ ವಿಷಯ ಮನೆಯಲ್ಲಿ ಇಂದಿಗೂ ಯಾರೂ ಎತ್ತುವುದಿಲ್ಲ. ನಾನೂ ಇಲ್ಲಿಗೆ ಬಿಡುತ್ತೇನೆ.

ಹೊರಗೆ ಬರುವಾಗ ಪರಿಚಯದ ಹಿರಿಯರೊಬ್ಬರು ಹಿಡಿದುಕೊಂಡರು. “ಯಾರು ಮಾಡಿದರೇನು ಸ್ವಾಮಿ, ಆಯಿತಲ್ಲ! ಕಲೆಗೆ ಎಲ್ಲಿಯ ಗಡಿ? ಇಲ್ಲಿ ಅಷ್ಟು ದುಡ್ಡಾದರೂ ಎಲ್ಲಿದೆ?” ಆಯಿತು, ಸಂತೋಷವೇ. ಲಕ್ಷಕ್ಕೂ ಮಿಕ್ಕ ಫ್ರೇಮುಗಳ ಧೂಳು ತೆಗೆದ ಆ ಇಟಲಿಯವರಿಗೆ ಕೈ ಮುಗಿಯುತ್ತೇನೆ. ಆದರೆ ದುಡ್ಡಿಲ್ಲ ಎನ್ನುವ ಮಾತನ್ನು ದಯವಿಟ್ಟು ನನ್ನೆದುರು ಆಡಬೇಡಿ. ಒಂದು ಹಾಡಿಗೆ ನಾಯಕ, ನಾಯಕಿ, ನಲವತ್ತು ಜನ ನರ್ತಕರನ್ನು ವಿಮಾನ ಹತ್ತಿಸುವ ಉದ್ಯಮ ಇದು. ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ ಬಣ್ಣ ಹಚ್ಚಿಸಿ ಬಿಡುಗಡೆ ಮಾಡಲು ದುಡ್ಡು ಹುಟ್ಟಿತ್ತು, ಜನವೂ ಬಂದಿದ್ದರು. ನಾನೂ ಹೋಗಿದ್ದೆ, ಶಿಳ್ಳೆಯನ್ನೂ ಹೊಡೆದಿದ್ದೆ. ಅದಕ್ಕೆ ನನ್ನ ತಕರಾರಿಲ್ಲ. ಕಪ್ಪು-ಬಿಳುಪನ್ನು ಕಪ್ಪು-ಬಿಳುಪಾಗಿಯೇ ಉಳಿಸಿ ಎಂದರೆ ಮಾತ್ರ ಎಲ್ಲರ ಕಿಸೆಯೂ ಯಾಕೆ ಖಾಲಿಯಾಗುತ್ತದೆ?

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’. 1934ರದು. ಇವತ್ತು ಅದರ ಪ್ರತಿ ಇಲ್ಲ. ಒಂದು ಭಾಷೆ ತನ್ನ ಮೊದಲ ಚಿತ್ರವನ್ನೇ ಕಳೆದುಕೊಂಡ ಮೇಲೆ ಮಿಕ್ಕದ್ದನ್ನು ಹೇಗೆ ಜೋಪಾನ ಮಾಡಬೇಕಿತ್ತು ಹೇಳಿ. ನಾವು ಮಾಡಿದ್ದು ಭಾರತೀಯ ಚಿತ್ರರಂಗದ ಶತಮಾನೋತ್ಸವದ ಭಾಷಣ.

ಇನ್ನೂ ಒಂದು ಹೊಟ್ಟೆ ಉರಿ ಇದೆ. ಈ ಚಿತ್ರದ ನಿರ್ಮಾಪಕ ಸದಾನಂದ ಸುವರ್ಣ ತೀರಿಕೊಂಡದ್ದು 2024ರ ಜುಲೈನಲ್ಲಿ. ವೆನಿಸ್ ಉತ್ಸವದಲ್ಲಿ ಹೊಸ ಪ್ರತಿಯ ಪ್ರದರ್ಶನವಾಗುವುದಕ್ಕೆ ಕೆಲವೇ ವಾರ ಮೊದಲು. ಹತ್ತು ವರ್ಷ ಮುಂಚೆಯೇ ಇಲ್ಲಿ ಯಾರಾದರೂ ಮನಸ್ಸು ಮಾಡಿದ್ದರೆ ಅವರು ಮುಂದಿನ ಸಾಲಿನಲ್ಲಿ ಕೂತು ನೋಡಬಹುದಿತ್ತು.

‘ಕಾಡು’, ‘ಚೋಮನ ದುಡಿ’, ‘ವಂಶವೃಕ್ಷ’. ಇವುಗಳ ನೆಗೆಟಿವ್ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ? ಹೊಸ ಚಿತ್ರಗಳಿಗೆ ವರ್ಷಾವರ್ಷ ಸಹಾಯಧನ ಹಂಚುವ ಸರ್ಕಾರ ಇಷ್ಟನ್ನು ಕೇಳಿ ಒಂದು ಪಟ್ಟಿ ಪ್ರಕಟಿಸಲಿ. ಪಟ್ಟಿಗೆ ಕೋಟಿ ಬೇಡ, ಒಬ್ಬ ಗುಮಾಸ್ತ ಸಾಕು. ಕಾಮೆಂಟಿನಲ್ಲಿ ‘ಮೊಬೈಲಿನಲ್ಲೇ ಪುಕ್ಕಟೆ ಸಿಗುತ್ತದಲ್ಲ ಸಾರ್’ ಎಂದು ಬರೆಯುವವರು ಮೊದಲು ಆ ಮಸುಕು ಪ್ರತಿಯಲ್ಲಿ ರಾತ್ರಿಯ ದೃಶ್ಯ ನೋಡಿ, ನಾಣಿ ಯಾವ ಕಡೆ ನಿಂತಿದ್ದಾನೆ ಎಂದು ತಿಳಿಸಿ.