ಕಾಲು ಸುತ್ತು ಅಂದರೆ ಎಷ್ಟು, ಮಾಮ?

ನಾನಿರುವುದು ಅಮೆರಿಕದ ಓಹಾಯೊದಲ್ಲಿ. ಬೆಳೆದದ್ದು ದಾವಣಗೆರೆಯಲ್ಲಿ, ಪಿ.ಬಿ. ರಸ್ತೆಯ ಪಕ್ಕ ಮಾಮನ ಲಾರಿ ಗ್ಯಾರೇಜಿನ ಹಿಂದಿನ ಮನೆಯಲ್ಲಿ. ಶಾಲೆ ಬಿಟ್ಟ ಮೇಲೆ ನನಗೆ ಅಲ್ಲೇ ಕೆಲಸ. ಲಾರಿ ಅಡಿಯಿಂದ ಗ್ರೀಸ್ ಮೆತ್ತಿದ ಕೈ ಹೊರಗೆ ಬರುತ್ತಿತ್ತು, "12-13 ಕೊಡೋ" ಅಂದರೆ ಆ ಪಾನಾ ತಕ್ಷಣ ಕೈಗೆ ಸಿಗಬೇಕು. ಹಾಗೆ ಪಾನಾ ಕೊಟ್ಟು ಕೊಟ್ಟೇ ಹುಡುಗರು ಕೆಲಸ ಕಲಿಯುತ್ತಿದ್ದರು. ರಿಪೇರಿಗೆ ಅಂತ ಒಂದು ಪುಸ್ತಕ ಇರುತ್ತದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಇಲ್ಲಿ ನನ್ನ ಹತ್ತಿರ ಒಂದು ಹಳೆಯ ಪಿಕಪ್ ಗಾಡಿ, ಫೋರ್ಡ್ ಎಫ್-150 ಇದೆ. 2006ರದ್ದು, 5.4 ಲೀಟರಿನ ಎಂಟು ಸಿಲಿಂಡರ್ ಇಂಜಿನ್. ಲಕ್ಷ ಮೈಲಿ ದಾಟಿದ ಮೇಲೆ ಸ್ಪಾರ್ಕ್ ಪ್ಲಗ್ ಬದಲಿಸಬೇಕಿತ್ತು. ಗ್ಯಾರೇಜಿನಲ್ಲಿ ಕೇಳಿದ ಕೂಲಿ ನೋಡಿ ನಾನೇ ಮಾಡೋಣ ಅಂತ ಹೊರಟೆ. ಹಳೆ ಪುಸ್ತಕದಂಗಡಿಯಲ್ಲಿ ಹೇನ್ಸ್ ಕಂಪನಿಯ ರಿಪೇರಿ ಪುಸ್ತಕ, ಅಂದರೆ ಮ್ಯಾನ್ಯುಯಲ್ ಸಿಕ್ಕಿತು. ಊರಿನ ಲೈಬ್ರರಿ ಕಾರ್ಡ್ ಇದ್ದರೆ ಚಿಲ್ಟನ್‌ನವರ ಮ್ಯಾನ್ಯುಯಲ್ ಮನೆಯಲ್ಲೇ ಕಂಪ್ಯೂಟರಿನಲ್ಲಿ ಓದಬಹುದು, ದುಡ್ಡಿಲ್ಲ. ಇಲ್ಲದ ಸಾಮಾನನ್ನು ಬಿಡಿಭಾಗದ ಅಂಗಡಿಯವರು ಠೇವಣಿ ಇಟ್ಟುಕೊಂಡು ಎರವಲು ಕೊಡುತ್ತಾರೆ, ವಾಪಸ್ ಕೊಟ್ಟರೆ ಠೇವಣಿಯೂ ವಾಪಸ್.

ಈ ಹೇನ್ಸ್ ಇಂಗ್ಲೆಂಡಿನದು. 1966ರಲ್ಲಿ ಮೊದಲ ಮ್ಯಾನ್ಯುಯಲ್ ಬಂತು. ಅವರ ಪದ್ಧತಿ ನನಗೆ ತುಂಬಾ ಹಿಡಿಸಿತು. ಒಂದು ಗಾಡಿ ತಂದು, ಪೂರ್ತಿ ಬಿಚ್ಚಿ, ಮತ್ತೆ ಜೋಡಿಸಿ, ಫೋಟೋ ತೆಗೆದು ಆಮೇಲೆ ಬರೆಯುತ್ತಿದ್ದರು. ಕೈಗೆ ಗ್ರೀಸ್ ಹತ್ತಿಸಿಕೊಂಡವರು ಬರೆದ ಪುಸ್ತಕ ಓದುವಾಗಲೇ ಗೊತ್ತಾಗುತ್ತದೆ.

ಈಗ ಆ ಪ್ಲಗ್ ವಿಷಯ. 2004ರಿಂದ 2008ರವರೆಗಿನ ಈ ಇಂಜಿನ್ನಿನ ಪ್ಲಗ್ ಎರಡು ತುಂಡು ಸೇರಿಸಿ ಮಾಡಿದ್ದು, ಕೆಳಗಿನ ಕೊಳವೆ ಉದ್ದ ಮತ್ತು ತೆಳ್ಳಗೆ. ವರ್ಷಗಟ್ಟಲೆ ಅದರ ಸುತ್ತ ಮಸಿ ಕಟ್ಟಿ ಇಂಜಿನ್ನಿನ ಹೆಡ್ಡಿಗೆ ಅಂಟಿಕೊಂಡಿರುತ್ತದೆ. ಊರಿನ ಅಭ್ಯಾಸದಲ್ಲಿ ಜೋರಾಗಿ ತಿರುಗಿಸಿದರೆ ಮೇಲಿನ ಅರ್ಧ ಕೈಗೆ ಬರುತ್ತದೆ, ಕೆಳಗಿನ ಅರ್ಧ ಒಳಗೇ ಉಳಿಯುತ್ತದೆ. ಇದಕ್ಕೆ ಫೋರ್ಡ್ ತನ್ನ ಮೆಕ್ಯಾನಿಕ್‌ಗಳಿಗೆ ಒಂದು ಸುತ್ತೋಲೆ ಕಳಿಸಿತ್ತು, ನಾನು ಅದನ್ನೇ ಅನುಸರಿಸಿದೆ. ಇಂಜಿನ್ ಪೂರ್ತಿ ತಣ್ಣಗಿರಬೇಕು. ಪ್ಲಗ್ಗನ್ನು ಅರೆಕಾಲು ಸುತ್ತಿನಿಂದ ಕಾಲು ಸುತ್ತು ಮಾತ್ರ ಸಡಿಲಿಸಬೇಕು. ಪ್ಲಗ್ ಕೂತಿರುವ ಗುಂಡಿಗೆ ಮಸಿ ಸಡಿಲವಾಗಲು ಕಾರ್ಬ್ಯುರೇಟರ್ ಕ್ಲೀನರ್ ಹಾಕಿ ಕಡಿಮೆ ಅಂದರೂ 15 ನಿಮಿಷ ಕಾಯಬೇಕು. ಆಮೇಲೆ ಹಿಂದೆ ಮುಂದೆ, ಹಿಂದೆ ಮುಂದೆ, ಸ್ವಲ್ಪ ಸ್ವಲ್ಪವೇ. ಮೊದಲನೇ ಪ್ಲಗ್ ಕಿರ್ರ್ ಅಂದಾಗ ನನ್ನ ಎದೆ ಬಡಿದುಕೊಂಡಿತು. ಆ ಸದ್ದು ಬರುವುದು ಸಹಜ ಅಂತ ಸುತ್ತೋಲೆಯಲ್ಲೇ ಬರೆದಿತ್ತು. ಆ ಒಂದು ಸಾಲು ಓದಿರದಿದ್ದರೆ ಗಾಬರಿಯಲ್ಲಿ ಇನ್ನೂ ಜೋರು ಹಾಕುತ್ತಿದ್ದೆ. ಎರಡು ದಿನ ಹಿಡಿಯಿತು, ಎಂಟೂ ಇಡಿಯಾಗಿ ಬಂದವು. ಹೊಸದನ್ನು, ಎಷ್ಟು ಬಿಗಿಯಾಯಿತು ಅಂತ ತಿಳಿಸುವ ಟಾರ್ಕ್ ರೆಂಚಿನಲ್ಲಿ 34 ನ್ಯೂಟನ್ ಮೀಟರಿಗೆ ಬಿಗಿದೆ, ಟಕ್ ಅಂದ ಕೂಡಲೇ ಕೈ ಬಿಟ್ಟೆ.

ಹಾಗಂತ ಪುಸ್ತಕವೇ ಮೇಲು, ನಮ್ಮ ಮಿಸ್ತ್ರಿಗಳು ಕೀಳು ಅಂತ ನಾನು ಹೇಳುತ್ತಿಲ್ಲ. ಖಂಡಿತ ಇಲ್ಲ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಗಾಡಿಯ ಅಡಿಯ ಬೋಲ್ಟೆಲ್ಲ ತುಕ್ಕು ಹಿಡಿದು ಕೂತಿರುತ್ತದೆ. ಪುಸ್ತಕದಲ್ಲಿ "ಬೋಲ್ಟ್ ತೆಗೆಯಿರಿ" ಅಂತ ಇರುತ್ತದೆ, ಅಷ್ಟೇ. ಯಾವ ಬೋಲ್ಟನ್ನು ಕಾಯಿಸಬೇಕು, ಯಾವುದಕ್ಕೆ ಸುತ್ತಿಗೆಯ ಏಟು ಸಾಕು, ಯಾವುದು ಇನ್ನೊಂದು ಎಳೆತಕ್ಕೆ ಕಟ್ ಆಗುತ್ತದೆ ಅನ್ನುವುದು ಕೈಗೆ ಗೊತ್ತಾಗಬೇಕು. ಅದು ನನಗೆ ಬಂದದ್ದು ಮಾಮನ ಗ್ಯಾರೇಜಿನಿಂದ. ಲಾರಿ ಗೇಟಿನೊಳಗೆ ಬರುವ ಸದ್ದಿಗೇ ಯಾವ ಚಕ್ರದ ಬೇರಿಂಗ್ ಹೋಗಿದೆ ಅಂತ ಅವರು ಹೇಳುತ್ತಿದ್ದರು.

ನನ್ನ ಸಂಕಟ ಬೇರೆ. ಅಷ್ಟೆಲ್ಲ ಗೊತ್ತಿರುವುದನ್ನು ಯಾರೂ ಬರೆದಿಡಲಿಲ್ಲ. ಒಬ್ಬ ಮಿಸ್ತ್ರಿ ಅಂಗಡಿ ಮುಚ್ಚಿದರೆ ನಲವತ್ತು ವರ್ಷದ ಕಲಿಕೆ ಅವರ ಜೊತೆಗೇ ಹೋಗುತ್ತದೆ. ಮೊದಲು ಹುಡುಗರು ನೋಡಿ ಕಲಿಯುತ್ತಿದ್ದರು, ನಡೆಯುತ್ತಿತ್ತು. ಈಗ 2020ರ ಏಪ್ರಿಲ್‌ನಿಂದ ಬರುತ್ತಿರುವ, ಹೊಗೆಯ ಹೊಸ ನಿಯಮದ ಬಿಎಸ್-6 ಲಾರಿಗಳಲ್ಲಿ ಸೆನ್ಸರ್ ಇದೆ, ಹೊಗೆಯ ವಿಷ ಕಡಿಮೆ ಮಾಡುವ, ಡ್ರೈವರ್‌ಗಳು ಯೂರಿಯಾ ಅನ್ನುವ ಡಿಇಎಫ್ ದ್ರವದ ಟ್ಯಾಂಕ್ ಇದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿದರೆ ಕಿವಿಗೆ ಏನೂ ಕೇಳುವುದಿಲ್ಲ. ಗಾಡಿಯ ಕಂಪ್ಯೂಟರ್ ಕೊಡುವ ದೋಷದ ಕೋಡ್ ಓದಬೇಕು, ಆ ಕೋಡಿನ ಅರ್ಥ ಗೊತ್ತಿರಬೇಕು. ಅದು ಇಂಗ್ಲಿಷಿನಲ್ಲಿದ್ದರೆ ಏಳನೇ ಕ್ಲಾಸಿಗೆ ಶಾಲೆ ಬಿಟ್ಟ, ಆದರೆ ಕೈಚಳಕದಲ್ಲಿ ನನಗಿಂತ ಹತ್ತು ಪಟ್ಟು ಮೇಲಿರುವ ಹುಡುಗ ಏನು ಮಾಡಬೇಕು? ಒಂದು ಮಾಡೆಲ್ ಲಾರಿಯನ್ನು ನಟ್ಟು ನಟ್ಟು ಬಿಚ್ಚಿ ಕನ್ನಡದಲ್ಲಿ ತೋರಿಸಿದ ಪುಸ್ತಕ ನನ್ನ ಕೈಗೆ ಇವತ್ತಿನವರೆಗೆ ಸಿಕ್ಕಿಲ್ಲ.

ಅಮೆರಿಕದಲ್ಲಿ ಇಂಥ ರಿಪೇರಿ ಮಾಹಿತಿಗಾಗಿ ಜನ ಗಟ್ಟಿಯಾಗಿ ಕೇಳಿದರು. 2012ರಲ್ಲಿ ಮ್ಯಾಸಚೂಸೆಟ್ಸ್ ಮತದಾರರು, ಕಂಪನಿಗಳು ರಿಪೇರಿ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೂ ಕೊಡಬೇಕು ಅನ್ನುವ ಕಾನೂನಿಗೆ ಮತ ಹಾಕಿದರು. ಭಾರತ ಸರ್ಕಾರವೂ 2022ರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಿದೆ, ಅದರಲ್ಲಿ ವಾಹನಗಳೂ ಇವೆ. ಆ ಮಾಹಿತಿ ಕನ್ನಡದಲ್ಲಿ ಬೇಕು ಅಂತ ನಾವೇ ಕೇಳಬೇಕು, ಬೇರೆ ಯಾರೂ ನಮ್ಮ ಪರವಾಗಿ ಕೇಳುವುದಿಲ್ಲ.

ಅಲ್ಲಿಯವರೆಗೆ ನನ್ನ ಕೈಲಾದದ್ದು ಶುರು ಮಾಡಿದ್ದೇನೆ. ಭಾನುವಾರ ಮಾಮನಿಗೆ ಫೋನ್ ಮಾಡಿ ಒಂದೊಂದೇ ಕೆಲಸ ಕೇಳಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಹೋದ ವಾರ ಲಾರಿಯ ಮುಂದಿನ ಚಕ್ರದ ಹಬ್, ಅಂದರೆ ಚಕ್ರದ ನಡುಭಾಗದ ಗ್ರೀಸಿಂಗ್. ಬೇರಿಂಗ್ ತೊಳೆಯುವುದು, ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು ರೋಲರ್‌ಗಳ ನಡುವೆ ತುಂಬುವುದು, ಎಲ್ಲ ಹೇಳಿದರು. ಕೊನೆಗೆ, "ಡ್ರಮ್ ತಿರುಗಿಸ್ತಾ ನಟ್ಟು ಟೈಟ್ ಮಾಡು, ಆಮೇಲೆ ಕಾಲು ಸುತ್ತು ಬಿಡಪ್ಪ, ಪಿನ್ ಹಾಕು" ಅಂದರು.

"ಕಾಲು ಸುತ್ತು ಅಂದರೆ ಸರಿಯಾಗಿ ಎಷ್ಟು, ಮಾಮ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬಾಯಲ್ಲಿ ಹೇಳಕ್ಕೆ ಬರಲ್ಲ ಕಣೋ. ಮುಂದಿನ ಭಾನುವಾರ ವಿಡಿಯೋ ಕಾಲ್ ಮಾಡು, ಪಾನಾ ಹಿಡಿದು ತೋರಿಸ್ತೀನಿ" ಅಂದರು.