ಸೊಂಟದವರೆಗಿನ ಅಲೆ

ನಾನು ಹುಟ್ಟಿ ಬೆಳೆದದ್ದು ಪಾವಗಡದ ಕಡೆ. ಅಲ್ಲಿ ನೀರಿಗೆ ಎರಡೇ ಅವಸ್ಥೆ. ಒಂದು, ಇದೆ. ಇನ್ನೊಂದು, ಇಲ್ಲ. ಇದ್ದಾಗ ಕೊಡ ತುಂಬಿಸಿಕೊಳ್ಳುತ್ತೇವೆ. ಇಲ್ಲದಾಗ ಟ್ಯಾಂಕರಿನ ಹಾರ್ನ್ ಕೇಳಿಸುತ್ತದಾ ಅಂತ ಕಿವಿ ನಿಮಿರಿಸಿ ಕೂರುತ್ತೇವೆ. ಊರಿಗೊಂದು ಕೆರೆಯಿದೆ. ಅದರೊಳಗೆ ನಾವು ಕ್ರಿಕೆಟ್ ಆಡಿದ್ದೇವೆ.

ಕೆಲಸ ಸಿಕ್ಕಿ ಉಡುಪಿಗೆ ಬಂದ ಮೇಲೆ ನೀರಿಗೆ ಇನ್ನೂ ಏನೇನೋ ಅವಸ್ಥೆಗಳಿವೆ ಅಂತ ಗೊತ್ತಾಯಿತು. ಉಬ್ಬರವಂತೆ, ಇಳಿತವಂತೆ, ಅಳಿವೆಯಂತೆ, ತೂಫಾನಂತೆ. ಬಂದ ಹೊಸದರಲ್ಲಿ ‘ಗಂಟೆಗೆ 45ರಿಂದ 55 ಕಿ.ಮೀ. ವೇಗದಲ್ಲಿ ಗಾಳಿ ಬೀಸಲಿದೆ, ಮೀನುಗಾರರು ಕಡಲಿಗೆ ಇಳಿಯಬಾರದು’ ಎಂಬ ಸುದ್ದಿ ಬಂದರೆ ನಾನು ಬಾಡಿಗೆ ಮನೆಯ ತಾರಸಿಗೂ ಹತ್ತುತ್ತಿರಲಿಲ್ಲ. ನಾನು ಮೀನುಗಾರನಲ್ಲ, ಸರಿ. ಅದು ಗಾಳಿಗೆ ಗೊತ್ತಿರಬೇಕಲ್ಲ?

ಆಮೇಲೆ ಆಫೀಸಿನ ಗೆಳೆಯನೊಬ್ಬ ನನ್ನ ಫೋನಿಗೆ ಗಾಳಿ, ಅಲೆ ಎಲ್ಲ ತೋರಿಸುವ ಒಂದು ಆ್ಯಪ್ ಹಾಕಿಕೊಟ್ಟ. ಮೊದಲ ದಿನವೇ ‘ಗಾಳಿ 18 ನಾಟ್’ ಅಂತ ಬಂತು. ನಾಟ್ ಅಂದರೆ ಇಲ್ಲ ಅಂತ ಅಲ್ವಾ? ಗಾಳಿ ಇಲ್ಲ ಅಂದುಕೊಂಡು ಕ್ಲಿಪ್ ಹಾಕದೆ ಬಟ್ಟೆ ಒಣಗಿಸಿದೆ. ಅದರಲ್ಲಿ ಒಂದು ಬನಿಯನ್ ಇವತ್ತಿಗೂ ಪಕ್ಕದ ಮನೆಯವರ ತೆಂಗಿನ ಮರದಲ್ಲಿದೆ. ಒಂದು ನಾಟ್ ಅಂದರೆ ಗಂಟೆಗೆ 1.852 ಕಿ.ಮೀ. ಎಂಬುದು ಅದನ್ನು ಕಂಡಾಗಲೆಲ್ಲ ನೆನಪಾಗುತ್ತದೆ.

ಒಂದು ಸಲ ಚಟ ಹತ್ತಿದರೆ ಬಿಡುತ್ತದಾ? ಬೆಳಗ್ಗೆ ಹಲ್ಲುಜ್ಜುವ ಮೊದಲು ಅಲೆ ನೋಡತೊಡಗಿದೆ. ನಮ್ಮ ದೇಶದ ಕಡಲಿನ ಅಲೆ ಎಷ್ಟು ಎತ್ತರ ಏಳುತ್ತದೆ ಅಂತ ಲೆಕ್ಕ ಹಾಕಿ ಎಚ್ಚರಿಕೆ ಕೊಡಲು ಇನ್‌ಕಾಯ್ಸ್ ಎಂಬ ಸರ್ಕಾರಿ ಸಂಸ್ಥೆಯೇ ಇದೆ. 1999ರಲ್ಲಿ ಶುರುವಾದದ್ದು. ಎಲ್ಲಿದೆ ಗೊತ್ತಾ? ಹೈದರಾಬಾದಿನಲ್ಲಿ. ಅಲ್ಲಿ ಹುಡುಕಿದರೂ ಸಮುದ್ರ ಸಿಗುವುದಿಲ್ಲ. ಇದು ತಿಳಿದ ದಿನ ನನ್ನ ಎದೆ ಎರಡು ಇಂಚು ಉಬ್ಬಿತು. ಹೈದರಾಬಾದಿನವರಿಗೆ ಆಗುವುದಾದರೆ ಪಾವಗಡದವನಿಗೆ ಏಕಾಗಬಾರದು?

ಇಷ್ಟು ವಿದ್ಯೆ ಇಟ್ಟುಕೊಂಡು ಸುಮ್ನೆ ಕೂರಲು ಆಗುವುದಿಲ್ಲ. ಮೇ ತಿಂಗಳ ಮೊದಲ ವಾರ ಊರಿನಿಂದ ತಂಗಿ, ಅವಳ ಗಂಡ, ಮಕ್ಕಳು, ಅತ್ತೆ, ಅತ್ತೆಯ ತಂಗಿ ಎಲ್ಲ ಸೇರಿ ಹನ್ನೊಂದು ಜನ ಟೆಂಪೋ ಟ್ರಾವೆಲರ್ ಮಾಡಿಕೊಂಡು ಬಂದರು. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಬೋಟಿನಲ್ಲಿ ಹೋಗುವುದು ಅಂತ ತೀರ್ಮಾನ. ಮಳೆಗಾಲ ಶುರುವಾದರೆ ದ್ವೀಪ ಬಂದ್, ಇದೇ ಕೊನೆ ಅವಕಾಶ. ರಾತ್ರಿ ಊಟದ ಹೊತ್ತಿಗೆ ನಾನು ಎದ್ದು ನಿಂತು ಹವಾಮಾನ ವರದಿ ಓದಿದೆ. “ನಾಳೆ ಗಾಳಿ 6 ನಾಟ್. ನಾಟ್ ಅಂದರೆ ಇಲ್ಲ ಅಂತ ಅಲ್ಲ. ಅಲೆ 0.9 ಮೀಟರ್.” ಭಾವಮೈದ “ಅಂದ್ರೆ ಎಷ್ಟು ಭಾವ?” ಅಂದ. “ಇಷ್ಟೇ” ಅಂತ ಸೊಂಟ ಮುಟ್ಟಿ ತೋರಿಸಿದೆ. ಅತ್ತೆಯ ತಂಗಿ ನೆಮ್ಮದಿಯಿಂದ ಇನ್ನೊಂದು ಚಪಾತಿ ಹಾಕಿಸಿಕೊಂಡರು.

ಬೆಳಗ್ಗೆ ಮಲ್ಪೆಯಲ್ಲಿ ಗೋಳಿಬಜೆ, ಬನ್ಸ್ ಎಲ್ಲ ಹೊಟ್ಟೆ ತುಂಬ ತಿಂದು ದಕ್ಕೆಗೆ ಹೋದೆವು. ಬೋಟಿನವರನ್ನು “ಹವೆ ಹೇಗಿದೆ?” ಅಂತ ಕೇಳಿದೆ. ತಲೆತಲಾಂತರದಿಂದ ಕಡಲು ಕಂಡವರು. ಮೋಡ ನೋಡುತ್ತಾರೆ, ಹಕ್ಕಿ ನೋಡುತ್ತಾರೆ, ಗಾಳಿಗೆ ಮೂಗೊಡ್ಡಿ ಏನೋ ಹೇಳುತ್ತಾರೆ ಅಂತ ಕಾದೆ. ಅವರು ಜೇಬಿನಿಂದ ಫೋನ್ ತೆಗೆದರು. ನನ್ನದೇ ಆ್ಯಪ್! ನನಗೆ ಆದ ನಿರಾಸೆ ಅಷ್ಟಿಷ್ಟಲ್ಲ. ಆದರೆ ಅವರ ಬೆರಳು 0.9ರ ಮೇಲೆ ನಿಲ್ಲಲಿಲ್ಲ. ನಾನು ಒಂದು ದಿನವೂ ನೋಡದ ಕೆಳಗಿನ ಸಾಲಿಗೆ ಹೋಯಿತು.

“ಹೋಗ್ಬಹುದು. ಆದ್ರೆ 14 ಸೆಕೆಂಡ್ ಉಂಟು ಮಾರ್ರೆ. ಹೊಟ್ಟೆ ಖಾಲಿ ಉಂಟಲ್ವಾ?”

ಯಾವ ಸೆಕೆಂಡ್, ಅದಕ್ಕೂ ನನ್ನ ಹೊಟ್ಟೆಗೂ ಏನು ಸಂಬಂಧ ಅಂತ ಕೇಳಲು ಮರ್ಯಾದೆ ಅಡ್ಡ ಬಂತು.

ಬಂದರು ದಾಟಿದ ಹತ್ತೇ ನಿಮಿಷಕ್ಕೆ ಸಂಬಂಧ ತಿಳಿಯಿತು. ಸಮುದ್ರ ನೋಡಲು ಸಪಾಟಾಗಿಯೇ ಇತ್ತು. ಆದರೆ ಇಡೀ ಬೋಟು ಮೆಲ್ಲಗೆ ಏರುವುದು, ಮೇಲೆ ಒಂದು ಕ್ಷಣ ಯೋಚಿಸುವುದು, ಮೆಲ್ಲಗೆ ಇಳಿಯುವುದು. ಯಾರೋ ನಮ್ಮನ್ನೆಲ್ಲ ಕೂರಿಸಿ ತೊಟ್ಟಿಲು ತೂಗಿದ ಹಾಗೆ. ಎರಡು ಅಲೆಗಳ ನಡುವಿನ ಸಮಯವೇ ಆ ಸೆಕೆಂಡ್. ಐದಾರು ಸೆಕೆಂಡ್ ಇದ್ದರೆ ಅದು ಇಲ್ಲೇ ಬೀಸಿದ ಗಾಳಿಯ ಚಿಲ್ಲರೆ ಅಲೆ. 14 ಅಂದರೆ ಎಲ್ಲೋ ಸಾವಿರಾರು ಮೈಲಿ ದೂರ, ಹಿಂದೂ ಮಹಾಸಾಗರದ ದಕ್ಷಿಣದ ಕೊನೆಯಲ್ಲಿ ಎದ್ದ ಬಿರುಗಾಳಿಯದ್ದು. ದಿನಗಟ್ಟಲೆ ಪ್ರಯಾಣ ಮಾಡಿ ಇಲ್ಲಿಗೆ ಬರುತ್ತದೆ. ಇದೇ ಜೋರಾಗಿ, ಇಲ್ಲಿ ಗಾಳಿ ಮಳೆ ಏನೂ ಇಲ್ಲದ ದಿನ ದಡಕ್ಕೆ ನುಗ್ಗಿದರೆ ಕೇರಳದವರು ಕಳ್ಳಕ್ಕಡಲ್ ಅನ್ನುತ್ತಾರೆ. ಕಳ್ಳನ ಹಾಗೆ ಬರುವ ಕಡಲು. ನಮ್ಮ ಪಾಲಿಗೆ ಬಂದದ್ದು ಸಣ್ಣ ಕಳ್ಳ. ಕದ್ದದ್ದು ಬರೀ ಗೋಳಿಬಜೆ. ಮೊದಲು ನನ್ನದು, ಆಮೇಲೆ ಭಾವಮೈದನದ್ದು. ಅತ್ತೆಯ ತಂಗಿ ಮಾತ್ರ ಕಡಲೆಕಾಯಿ ತಿನ್ನುತ್ತಾ “ಜೋಕಾಲಿ ಇದ್ದಂಗಿದೆ” ಅಂತ ಖುಷಿಯಾಗಿದ್ದರು.

ದ್ವೀಪದ ಹತ್ತಿರ ಸಣ್ಣ ದೋಣಿಗೆ ಬದಲಾಯಿಸಿ ದಡಕ್ಕೆ ಹೋಗಬೇಕು. ದೂರದಿಂದ ಬಂದ ಉದ್ದ ಅಲೆಗೆ ಇನ್ನೊಂದು ಗುಣವಿದೆ. ಆಳದಲ್ಲಿ ಮಲಗಿಕೊಂಡೇ ಬರುತ್ತದೆ, ನೆಲ ಕಾಲಿಗೆ ಸಿಕ್ಕಿದ ಕೂಡಲೇ ವೇಗ ತಗ್ಗಿಸಿ ಎದ್ದು ನಿಲ್ಲುತ್ತದೆ. ದೋಣಿಯವರು “ಅಲೆ ಹಿಂದೆ ಹೋದ ಮೇಲೆ ಇಳೀರಿ” ಅಂದರು. ನನಗೆ ‘ಇಳೀರಿ’ ಅನ್ನುವುದು ಮಾತ್ರ ಕೇಳಿಸಿತು. ಒಂದು ಕೈಯಲ್ಲಿ ಫೋನ್ ಹಿಡಿದು ಜಿಗಿದೆ. ಮುಂದಿನದ್ದು ನನಗೆ ಗೊತ್ತಿಲ್ಲ, ನಾನು ಒಳಗಿದ್ದೆ. ಮೇಲೆ ಬಂದಾಗ ಭಾವಮೈದನ ಮಾತು ಕಿವಿಗೆ ಬಿತ್ತು. “ಭಾವ, ಸೊಂಟ ಅಂದಿದ್ರಿ!”

ಆ ದ್ವೀಪದಲ್ಲಿ ಆರು ಮೂಲೆಯ ಕಂಬಗಳ ಹಾಗೆ ಕಲ್ಲುಗಳಿವೆ. ಕೋಟ್ಯಂತರ ವರ್ಷಗಳ ಹಿಂದಿನ ಲಾವಾ ತಣ್ಣಗಾಗಿ ಸೀಳಿ ಆದದ್ದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದಿದ್ದ ಅನ್ನುತ್ತಾರೆ. ಇಳಿಯುವಾಗ ಬಿದ್ದಿದ್ದನೋ ಇಲ್ಲವೋ, ಯಾರೂ ಬರೆದಿಟ್ಟಿಲ್ಲ. ಆ ಸ್ಮಾರಕದ ಮೇಲೆ ನನ್ನ ಅಂಗಿ ಒಣಗಿತು. ಫೋನ್ ಒಣಗಲಿಲ್ಲ.

0.9ರ ಗುಟ್ಟು ತಿಳಿದದ್ದು ರಾತ್ರಿ, ಹೆಂಡತಿಯ ಫೋನಿನಲ್ಲಿ. ವರದಿಯಲ್ಲಿ ಕೊಡುವ ಎತ್ತರ ಅತಿ ದೊಡ್ಡ ಅಲೆಯದ್ದಲ್ಲವಂತೆ. ಬಂದ ಅಲೆಗಳಲ್ಲಿ ಅತಿ ಎತ್ತರದ ಮೂರನೇ ಒಂದು ಪಾಲು ಅಲೆಗಳನ್ನು ಮಾತ್ರ ಆರಿಸಿ, ಅವುಗಳ ಎತ್ತರದ ಸರಾಸರಿ ತೆಗೆಯುತ್ತಾರಂತೆ. ನಡುನಡುವೆ ಒಂದು ಅದರ ಎರಡು ಪಟ್ಟು ಹತ್ತಿರವೂ ಬರಬಹುದಂತೆ. ನಮ್ಮ ಹೈಸ್ಕೂಲಿನಲ್ಲಿ ಮುಂದಿನ ಬೆಂಚಿನವರ ಸರಾಸರಿಯನ್ನು ಮಾತ್ರ ಮನೆಗೆ ಕಳಿಸಿದ್ದರೆ ನನ್ನ ಬಾಲ್ಯ ಎಷ್ಟು ಸುಖವಾಗಿರುತ್ತಿತ್ತು!

ಇನ್ನು ಉಪ್ಪುನೀರಿನ ಸಹವಾಸ ಬೇಡ ಅಂತ ಆಗಸ್ಟಿನಲ್ಲಿ ಸಿಗಂದೂರಿಗೆ ಹೊರಟೆವು. ಆಗಿನ್ನೂ ಸೇತುವೆ ಇರಲಿಲ್ಲ. ಅಂಬಾರಗೊಡ್ಲಿನಿಂದ ಶರಾವತಿ ಹಿನ್ನೀರು ದಾಟಲು ಲಾಂಚ್. ಹಿನ್ನೀರು ಅಂದರೆ ದೊಡ್ಡ ಕೆರೆ ತಾನೇ, ಅಲ್ಲಿ ಯಾವ ಮಹಾಸಾಗರ ಬರುತ್ತದೆ? ಅಲೆ ನಿಜಕ್ಕೂ ಬರಲಿಲ್ಲ. ಗಾಳಿ ಬಂತು. ಎರಡು ಕಿಲೋಮೀಟರ್ ಬಯಲು ನೀರು, ಅಡ್ಡಕ್ಕೆ ಒಂದು ಮರವಿಲ್ಲ, ಮಳೆಗಾಲದ ಪಡುಗಾಳಿಗೆ ಇನ್ನೇನು ಬೇಕು. ದೇವಸ್ಥಾನಕ್ಕೆಂದು ನಾನು ಪಂಚೆ ಉಟ್ಟಿದ್ದೆ. ಎಡಗೈಯಲ್ಲಿ ಕಂಬಿ, ಬಲಗೈಯಲ್ಲಿ ಹೊಸ ಫೋನ್. ಕಂತು ಇನ್ನೂ ಒಂಬತ್ತು ಬಾಕಿ. ಪಂಚೆ ಹಾಯಿಯ ಹಾಗೆ ಉಬ್ಬಿ ಮೇಲೆದ್ದಾಗ ಒಂದು ಬಸ್ಸು, ನಾಲ್ಕು ಕಾರು, ಅರವತ್ತು ಭಕ್ತರ ಎದುರು ನಾನು ಆಯ್ಕೆ ಮಾಡಬೇಕಾಯಿತು. ಫೋನ್ ಬಿಡಲಿಲ್ಲ. 2025ರ ಜುಲೈನಲ್ಲಿ ಅಲ್ಲಿ ಸೇತುವೆ ಆಯಿತು. ನನಗಾದಷ್ಟು ಸಂತೋಷ ಹಿನ್ನೀರಿನ ಆಚೆ ದಡದ ತುಮರಿ ಕಡೆಯವರಿಗೂ ಆಗಿರಲಿಕ್ಕಿಲ್ಲ.

ಈಗ ನನ್ನ ನಂಬಿಕೆ ಎಲ್ಲ ನಮ್ಮ ಬೀದಿಗೆ ಮೀನು ತರುವ ಅಮ್ಮನ ಮೇಲೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ, ಆಗ ಬಂಗುಡೆಗೆ ಚಿನ್ನದ ರೇಟು. ಅದು ಬಿಟ್ಟರೆ ಉಳಿದ ದಿನ ನೂರು ರೂಪಾಯಿಗೆ ಎಷ್ಟು ಬಂಗುಡೆ ಅನ್ನುವುದೇ ಕಡಲಿನ ವರದಿ. ನಾಲ್ಕು ಕೊಟ್ಟರೆ “ತೂಫಾನ್ ಮಾರ್ರೆ”. ಹತ್ತು ಕೊಟ್ಟರೆ ಶಾಂತ. ಹೆಂಡತಿ ಚೌಕಾಸಿ ಮಾಡಿದರೆ ತೂಫಾನ್ ಅಲ್ಲೇ ಇಳಿಯುವುದೂ ಉಂಟು.

ಮೊನ್ನೆ ಭಾವಮೈದ ಫೋನ್ ಮಾಡಿದ್ದ.

“ಭಾವ, ಈ ಸಲಾನೂ ರಜೆಗೆ ಬರ್ತಿದೀವಿ. ಮಲ್ಪೆಯಲ್ಲಿ ಇವತ್ತು 0.7 ತೋರಿಸ್ತಿದೆ.”

“ಪಾವಗಡದಲ್ಲಿ ಕೂತು ನಿನಗೆ ಹೇಗಪ್ಪ ಗೊತ್ತು?”

“ಆ್ಯಪ್ ಹಾಕ್ಕೊಂಡಿದೀನಿ. ಅದಿರ್ಲಿ, ಸೆಕೆಂಡ್ ಹದಿಮೂರಿದೆಯಲ್ಲ, ಬೋಟಿನವರ ಹತ್ರ ಮಾತಾಡಿದ್ರಾ?”

ನಾನು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವನ ಹಿಂದೆ ಉದ್ದಕ್ಕೆ ಒಂದು ಹಾರ್ನ್ ಕೇಳಿಸಿತು.

“ಒಂದ್ನಿಮಿಷ ಇರಿ ಭಾವ, ನೀರು ಬಂತು” ಅಂತ ಫೋನ್ ಇಟ್ಟ.