ಅವರೆಕಾಯಿ ಬಿಡಿಸುವ ಟ್ಯೂಷನ್ ಮಿಸ್

ಹೋದ ವಾರ ನನ್ನ ಮೇಲೊಂದು ದೂರು ಬಂತು. ಟ್ಯೂಷನ್ ಹುಡುಗನೊಬ್ಬನ ಅಮ್ಮ ಪಕ್ಕದ ಮನೆಯವರ ಹತ್ತಿರ ಹೇಳಿದ್ದಾರೆ. ಅವರು ಕಾಂಪೌಂಡಿನಾಚೆಯಿಂದ ನನಗೆ ದಾಟಿಸಿದರು. "ಫೀಸು ಮಾತ್ರ ಎಣಿಸಿ ತಗೋತಾರೆ. ಭಾನುವಾರ ಮಕ್ಕಳನ್ನ ಕೂರಿಸಿ, ತಾವು ಅವರೆಕಾಯಿ ಬಿಡಿಸ್ತಾ ಇರ್ತಾರಂತೆ!"

ನಿಜ, ಬಿಡಿಸುತ್ತೇನೆ. ಈಗ ಅವರೆಕಾಯಿ. ಅದು ಮುಗಿದ ಮೇಲೆ ಹುಣಸೆಹಣ್ಣು ಬಿಡಿಸೋದಿರುತ್ತದೆ. ಯಾಕೆ ಅಂತ ಒಂದು ಸಲ ಬರೆದುಬಿಡುತ್ತೇನೆ, ಪ್ರತಿಯೊಬ್ಬರಿಗೂ ಹೇಳೋ ಕೆಲಸ ತಪ್ಪುತ್ತದೆ.

ತಿಪಟೂರಿನ ನಮ್ಮ ಮನೆಯ ಮುಂದಿನ ರೂಮಿನಲ್ಲಿ ಹದಿನೇಳು ವರ್ಷದಿಂದ ಎಸ್ಎಸ್ಎಲ್‌ಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೇನೆ. ಎರಡು ಜಮಖಾನ, ಒಂದು ಬೋರ್ಡು, ಈ ವರ್ಷ ಹನ್ನೆರಡು ಮಕ್ಕಳು. ಇಬ್ಬರ ಮನೆಯಿಂದ ಫೀಸಿನ ಬದಲು ತೆಂಗಿನಕಾಯಿ ಬರುತ್ತದೆ. ಹಾಗಾಗಿ ಟ್ಯೂಷನ್ ಜಾಸ್ತಿ ಬೇಡ ಅಂತ ನಾನೇ ಹೇಳಿದರೆ ನನ್ನ ಅನ್ನಕ್ಕೆ ನಾನೇ ಕಲ್ಲು ಹಾಕಿಕೊಂಡಂತೆ. ಆದರೂ ಹೇಳುತ್ತೇನೆ.

ಮೊದಲು ಆ ಹುಡುಗನ ಕಥೆ. ಎರಡನೇ ಪ್ರಿಪರೇಟರಿಯಲ್ಲಿ, ಅಂದರೆ ಬೋರ್ಡ್ ಪರೀಕ್ಷೆಗೆ ಮುಂಚಿನ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ, ಅವನಿಗೆ ಗಣಿತದಲ್ಲಿ 80ಕ್ಕೆ 31 ಬಂತು. ಅಮ್ಮ ಉತ್ತರ ಪತ್ರಿಕೆ ಹಿಡಿದುಕೊಂಡೇ ಬಂದರು. ಕಣ್ಣು ಕೆಂಪಗಾಗಿತ್ತು. "ಇನ್ನೊಂದು ಗಂಟೆ ಜಾಸ್ತಿ ಕೂರಿಸಿಕೊಳ್ಳಿ ಮೇಡಂ. ಎಷ್ಟಾದರೂ ಕೊಡ್ತೀವಿ" ಅಂದರು.

ಅವನ ದಿನಚರಿ ಕೇಳಿದೆ. ಬೆಳಗ್ಗೆ ಆರಕ್ಕೆ ವಿಜ್ಞಾನದ ಟ್ಯೂಷನ್. ಆಮೇಲೆ ಸ್ಕೂಲು. ಸ್ಕೂಲು ಬಿಟ್ಟ ಮೇಲೆ ಅಲ್ಲೇ ಸ್ಪೆಷಲ್ ಕ್ಲಾಸು. ಸಂಜೆ ಆರೂವರೆಗೆ ನಮ್ಮ ಮನೆ. ಎಂಟೂವರೆಗೆ ಮನೆಗೆ ಹೋಗಿ ಊಟ, ಹೋಂವರ್ಕ್, ನಿದ್ದೆ.

"ಅವನೊಬ್ಬನೇ ಕೂತು ಲೆಕ್ಕ ಮಾಡೋದು ಯಾವಾಗ?" ಅಂದೆ.

"ಟ್ಯೂಷನ್ನಲ್ಲಿ ಮಾಡ್ತಾನಲ್ಲಾ ಮೇಡಂ!"

ಅವರನ್ನು ಕಳಿಸಿ ಪತ್ರಿಕೆ ಬಿಡಿಸಿದೆ. ಹೋದ ಅಂಕ 49. ಅದರಲ್ಲಿ ಅವನಿಗೆ ಗೊತ್ತೇ ಇಲ್ಲದ್ದು ಇಪ್ಪತ್ತೋ ಇಪ್ಪತ್ತೆರಡೋ ಇರಬಹುದು. ಉಳಿದದ್ದು ಗೊತ್ತಿದ್ದೂ ಕಳಕೊಂಡಿದ್ದು. ವರ್ಗ ಸಮೀಕರಣದಲ್ಲಿ ಬಿ ಬೆಲೆ ಮೈನಸ್ 5 ಇದೆ. ಸೂತ್ರದಲ್ಲಿ ಮೊದಲೇ ಒಂದು ಮೈನಸ್ ಇದೆ. ಎರಡೂ ಸೇರಿ ಪ್ಲಸ್ 5 ಆಗಬೇಕು, ಇವನು ಮೈನಸ್ ಅಂತಲೇ ಬರೆದಿದ್ದಾನೆ. ಅಲ್ಲಿಂದ ಕೆಳಗೆ ಲೆಕ್ಕವೆಲ್ಲ ಸರಿ, ಉತ್ತರ ಮಾತ್ರ ತಲೆಕೆಳಗು. ಥೇಲ್ಸ್ ಪ್ರಮೇಯವನ್ನು ಬಾಯಿಪಾಠ ಮಾಡಿ ಬರೆದಿದ್ದಾನೆ. ಆದರೆ ಚಿತ್ರದಲ್ಲಿ ಡಿ ಮತ್ತು ಇ ಅದಲು ಬದಲು. ಹಾಗಾಗಿ ಕೆಳಗೆ ಬರೆದದ್ದಕ್ಕೂ ಮೇಲಿನ ತ್ರಿಭುಜಕ್ಕೂ ಸಂಬಂಧವೇ ಇಲ್ಲ. 4 ಅಂಕದ ಗ್ರಾಫ್ ಮುಟ್ಟಿಯೇ ಇಲ್ಲ. ಗ್ರಾಫ್ ಅವನಿಗೆ ನೀರು ಕುಡಿದಷ್ಟು ಸುಲಭ. "ಟೈಮ್ ಆಗೋಯ್ತು ಮಿಸ್" ಅಂದ.

ಮಾರನೇ ದಿನ ಅದೇ ವರ್ಗ ಸಮೀಕರಣ ಕೊಟ್ಟು ಖಾಲಿ ಹಾಳೆ ಮುಂದಿಟ್ಟೆ. "ಮಾಡ್ತಿರು, ಟೀ ಇಟ್ಟು ಬರ್ತೀನಿ" ಅಂತ ಒಳಗೆ ಹೋದೆ. ಟೀ ಸೋಸುವಷ್ಟರಲ್ಲಿ ಮುಗಿಸಿದ್ದ, ಉತ್ತರ ಸರಿ ಇತ್ತು.

"ಮತ್ತೆ ಪರೀಕ್ಷೇಲಿ ಏನಾಯ್ತೋ?"

ಸ್ವಲ್ಪ ಹೊತ್ತು ಪೆನ್ನಿನ ಕ್ಯಾಪು ಕಚ್ಚಿಕೊಂಡು ಕೂತ. "ಅಲ್ಲಿ ಪ್ಲಸ್ಸಾ ಮೈನಸ್ಸಾ ಅಂತ ಕೇಳೋಕಾಗಲ್ವಲ್ಲ ಮಿಸ್."

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಯಾಕೆಂದರೆ ಅವನು ಕೇಳುತ್ತಿದ್ದದ್ದು ನನ್ನನ್ನೇ. ಬಾಯಿಬಿಟ್ಟು ಕೇಳಬೇಕಂತಲೂ ಇಲ್ಲ. ಪ್ರತಿ ಸ್ಟೆಪ್ ಬರೆದು ಒಮ್ಮೆ ತಲೆ ಎತ್ತಿ ನನ್ನ ಮುಖ ನೋಡುತ್ತಾರೆ. ಹುಬ್ಬು ಗಂಟಾದರೆ ಪಟ್ಟನೆ ಹೊಡೆದು ಹಾಕಿ ಇನ್ನೊಂದು ಚಿಹ್ನೆ ಹಾಕುತ್ತಾರೆ. ತಲೆಯಾಡಿಸಿದರೆ ಮುಂದಿನ ಸಾಲು. ಹನ್ನೆರಡು ಮಕ್ಕಳೂ ಅಷ್ಟೇ. ಇವರು ಗಣಿತ ಕಲಿಯುವುದಕ್ಕಿಂತ ಜಾಸ್ತಿ ನನ್ನ ಮುಖ ಓದುವುದನ್ನು ಕಲಿತಿದ್ದಾರೆ. ಪರೀಕ್ಷೆ ಹಾಲಿನಲ್ಲಿ ನನ್ನ ಮುಖ ಇರುವುದಿಲ್ಲ.

ಅವರೆಕಾಯಿ ಶುರುವಾದದ್ದು ಆಗ. ಭಾನುವಾರ ಹತ್ತಕ್ಕೆ ಪ್ರಶ್ನೆಪತ್ರಿಕೆ ಕೊಡುತ್ತೇನೆ. ಮೊದಲ 15 ನಿಮಿಷ ಬರೀ ಓದಬೇಕು, ಬೋರ್ಡ್ ಪರೀಕ್ಷೆಯ ಹಾಗೆಯೇ. ಆಮೇಲೆ ಮೂರು ಗಂಟೆ ಬರವಣಿಗೆ. 80 ಅಂಕ, 38 ಪ್ರಶ್ನೆ. ಒಂದೂ ಕಾಲಿಗೆ ಪೇಪರ್ ಕಿತ್ತುಕೊಳ್ಳುತ್ತೇನೆ. ಅಷ್ಟು ಹೊತ್ತು ಅವರನ್ನೇ ನೋಡುತ್ತಾ ಕೂತರೆ ನನ್ನ ಹುಬ್ಬು ಸುಮ್ನಿರುವುದಿಲ್ಲ. ಅದಕ್ಕೇ ಕಣ್ಣು ಮೊರದ ಮೇಲೆ. ಮೊದಲ ವಾರ "ಮಿಸ್..." ಅಂತ ಎಳೆದದ್ದು ಹದಿನಾಲ್ಕು ಸಲ. ಎಣಿಸಿದ್ದೇನೆ, ಪ್ರತಿ ಸಲಕ್ಕೂ ಒಂದು ಕಾಳು ಪಕ್ಕಕ್ಕಿಟ್ಟು. ಮೂರನೇ ವಾರ ಎರಡೇ ಕಾಳು. (ಆ ಅವರೆಕಾಯಿಯಲ್ಲಿ ಹಿದುಕವರೆ ಸಾರು ಮಾಡಿ ಮಕ್ಕಳಿಗೇ ಬಡಿಸಿದೆ. ಅದನ್ನು ಯಾರೂ ದೂರಲಿಲ್ಲ.)

2024ರ ರಿಸಲ್ಟ್ ನೆನಪಿದೆಯಾ? ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ನೂರಕ್ಕೆ 83.89 ಇದ್ದ ರಿಸಲ್ಟ್ 73.40ಕ್ಕೆ ಇಳಿಯಿತು. ಅದೂ ಗ್ರೇಸ್ ಅಂಕ ಜಾಸ್ತಿ ಕೊಟ್ಟ ಮೇಲೆ. ಎಲ್ಲರೂ ನಕಲು, ನಕಲು ಅಂತ ಮಾತಾಡಿದರು. ನಕಲು ಇತ್ತು, ಇಲ್ಲ ಅನ್ನಲ್ಲ. ಆದರೆ ಪಕ್ಕದವನನ್ನು ಕೇಳುವ ಚಾಳಿ ಮಕ್ಕಳಿಗೆ ಹತ್ತುವುದು ಪರೀಕ್ಷೆ ದಿನ ಅಲ್ಲ. ನಮ್ಮಂಥವರ ಜಮಖಾನದ ಮೇಲೆ ಅದು ಮೊದಲೇ ಹತ್ತಿರುತ್ತದೆ.

ನಾನೇನು ಸಾಚಾ ಅಲ್ಲ. ಶುರುವಿನ ವರ್ಷಗಳಲ್ಲಿ "ಇಂಪಾರ್ಟೆಂಟ್" ಅಂತ ಇಪ್ಪತ್ತು ಲೆಕ್ಕ ಬರೆಸಿ, ಅದನ್ನೇ ಉರು ಹೊಡೆಸುತ್ತಿದ್ದೆ. ಒಂದು ಸಲ ಅರ್ಧಗೋಳದ ಮೇಲೆ ಶಂಕು ಕೂರಿಸಿದ ಆಟಿಕೆಯ ಲೆಕ್ಕ ಹತ್ತು ಸಲ ಬರೆಸಿದ್ದೆ. ಪರೀಕ್ಷೆಗೆ ಬಂದದ್ದು ಸಿಲಿಂಡರಿನ ಲೆಕ್ಕ. ಹುಡುಗಿ ಆಟಿಕೆ ಅನ್ನೋ ಪದ ನೋಡಿದ್ದೇ ಶಂಕುವಿನ ಸೂತ್ರ ಹಾಕಿ ಮುಗಿಸಿ ಬಂದಳು. ಗೇಟಿನ ಹತ್ತಿರ ನಿಂತು ಖುಷಿಯಿಂದ "ನೀವು ಹೇಳಿದ್ದೇ ಬಂತು ಮಿಸ್!" ಅಂದಳು. ಅವಳ ಪ್ರಶ್ನೆಪತ್ರಿಕೆ ಕೈಗೆ ತಗೊಂಡು ಓದಿದಾಗ ನನಗಾದದ್ದು ನನಗೇ ಗೊತ್ತು.

ಪಾಸಿಂಗ್ ಪ್ಯಾಕೇಜ್, ಅಂದರೆ ಪಾಸಾಗೋಕೆ ಬೇಕಾದಷ್ಟನ್ನೇ ಆರಿಸಿ ಕಲಿಸೋದು, ಅದರ ಬಗ್ಗೆಯೂ ಕೇಳುತ್ತಾರೆ. ಅಂಚಿನಲ್ಲಿ ನಿಂತ ಮಗುವಿಗೆ ಅದು ಬೇಕು, ನಾನೂ ಬಳಸುತ್ತೇನೆ. ಒಂದೊಂದು ಅಂಕದ ಹದಿನಾರು ಪ್ರಶ್ನೆ, ಒಂದು ಗ್ರಾಫ್, ಒಂದು ಪ್ರಮೇಯ ಗಟ್ಟಿ ಮಾಡಿಸಿದರೆ ಎಷ್ಟೋ ಮಕ್ಕಳು ದಡ ಸೇರುತ್ತಾರೆ. ಆದರೆ 60 ತೆಗೆಯಬಲ್ಲ ಹುಡುಗನ ಕೈಗೂ ಅದನ್ನೇ ಕೊಟ್ಟರೆ ಅವನು ಅಲ್ಲಿಗೇ ಗಾಡಿ ನಿಲ್ಲಿಸುತ್ತಾನೆ.

ಹಾಗಾದರೆ ಟ್ಯೂಷನ್ನೇ ಬೇಡವಾ? ಬೇಕಾದವರಿಗೆ ಬೇಕು ಸ್ವಾಮಿ. ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದವರೇ ಇಲ್ಲ, ಅಪ್ಪ ಕಾಯಿ ಸುಲಿಯೋಕೆ ಹೋಗುತ್ತಾರೆ, ಏಳನೇ ಕ್ಲಾಸಿನ ಭಿನ್ನರಾಶಿಯೇ ಕೈ ಕೊಟ್ಟಿದೆ. ಅಂಥ ಮಗುವಿಗೆ ಯಾರಾದರೂ ಪಕ್ಕದಲ್ಲಿ ಕೂತು ಹೇಳಲೇಬೇಕು. ನನ್ನ ತಕರಾರು ಇರೋದು ಮೂರು ಟ್ಯೂಷನ್ ಸಾಲದು ಅಂತ ನಾಲ್ಕನೆಯದು ಹುಡುಕುವವರ ಹತ್ತಿರ. ಕ್ಲಾಸಿನಲ್ಲಿ ಪಾಠ ಅರ್ಧಕ್ಕೆ ನಿಲ್ಲಿಸಿ "ಉಳಿದದ್ದು ಸಂಜೆ ಮನೆಗೆ ಬಾ" ಅನ್ನುವ ಮೇಷ್ಟ್ರುಗಳೂ ಇದ್ದಾರೆ. ಶಾಲೆಯ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ ಅಂತ 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯಲ್ಲೇ ಇದೆ. ಅವರಿಗೂ ಗೊತ್ತು. ಬಿಡಿ, ಅದು ಬೇರೆಯದೇ ಪುರಾಣ.

2024ರಲ್ಲಿ 625ಕ್ಕೆ 625 ತೆಗೆದ ಹುಡುಗಿ ಮುಧೋಳ ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯವಳು. ರೈತರ ಮಗಳು, ಸರ್ಕಾರಿ ವಸತಿ ಶಾಲೆ. ಫೋಟೋ ಪೇಪರಿನಲ್ಲಿ ಬಂದಾಗ ನಮ್ಮ ಬೀದಿಯ ಅಪ್ಪಂದಿರು ಕೇಳಿದ್ದು "ಯಾವ ಗೈಡ್ ಓದಿರಬಹುದು ಮೇಡಂ?" ಅಂತ. ಎಷ್ಟು ಹೊತ್ತು ಒಬ್ಬಳೇ ಕೂತು ಓದಿರಬಹುದು ಅಂತ ಒಬ್ಬರೂ ಕೇಳಲಿಲ್ಲ.

ಆ ಅಮ್ಮನಿಗೆ ನಾನು ಇನ್ನೊಂದು ಗಂಟೆ ಕೊಡಲಿಲ್ಲ. ಬೆಳಗಿನ ಟ್ಯೂಷನ್ ವಾರಕ್ಕೆ ಮೂರೇ ದಿನ ಮಾಡಿಸಿ, ಉಳಿದ ಮೂರು ದಿನ ಆ ಹೊತ್ತಿಗೆ ಮನೆಯಲ್ಲೇ ಕೂತು ಐದು ಲೆಕ್ಕ ಮಾಡಲಿ, ಫೋನು ನಿಮ್ಮ ಹತ್ತಿರ ಇರಲಿ, ತಪ್ಪಾದರೂ ಪರವಾಗಿಲ್ಲ, ಉತ್ತರ ಮಾತ್ರ ಕೊನೆಯಲ್ಲಿ ನೋಡಲಿ ಅಂದೆ. ಭಾನುವಾರದ ಬರವಣಿಗೆಗೆ ಫೀಸು ಬೇಡ ಅಂದೆ. ಅದಕ್ಕೇ ಇರಬೇಕು ಅನುಮಾನ ಬಂದದ್ದು. ಪುಕ್ಕಟೆ ಕೊಟ್ಟದ್ದಕ್ಕೆ ಬೆಲೆ ಎಲ್ಲಿದೆ?

ಮೂರನೇ ಪ್ರಿಪರೇಟರಿಯಲ್ಲಿ ಅವನಿಗೆ 46 ಬಂತು. ಚಿತ್ರದಲ್ಲಿ ಡಿ ಮತ್ತು ಇ ಈ ಸಲ ಅವುಗಳ ಜಾಗದಲ್ಲೇ ಇವೆ. ಮೈನಸ್ ಇನ್ನೂ ಒಂದು ಕಡೆ ಕೈ ಕೊಟ್ಟಿದೆ.

ನಾಳೆ ಭಾನುವಾರ. ಬೆಳಗ್ಗೆ ಆ ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೇನೆ: ಮಗನನ್ನು ಹತ್ತಕ್ಕೆ ಸರಿಯಾಗಿ ಕಳಿಸಿ, ಜೊತೆಗೆ ನಿಮ್ಮ ಹೊಲದ್ದು ಎರಡು ಕೆಜಿ ಅವರೆಕಾಯಿ ಇದ್ದರೆ ಕೊಟ್ಟು ಕಳಿಸಿ, ನಮ್ಮ ಮನೆಯದು ಮುಗಿದಿದೆ.